ಹಸಿರು ಪೊರೆ, ಮೀನಿನ ಐಸು

ಮುಖ ಗಂಟಿಕ್ಕಿಕೊಂಡು ಕೆಲಸ ಮಾಡುವ ಜಾಗದಲ್ಲೇ ನಗೆಪಾಟಲಿನ ಸಂಗತಿಗಳು ಹೆಚ್ಚು ನಡೆಯುತ್ತವೆ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಒಂದು ಪ್ರಯೋಗಶಾಲೆಯಲ್ಲಿ ನಾಲ್ಕು ವರ್ಷ ಕಳೆದು ಕಂಡುಕೊಂಡದ್ದು.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಚಿತ್ರದುರ್ಗದ ಕಡೆಯ ಬಿಸಿಲಲ್ಲಿ ಬೆಳೆದ ನಾನು ಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿ ಮೂಡಿಗೆರೆಯ ಒಂದು ಪ್ರಾಜೆಕ್ಟಿಗೆ ಸೇರಿಕೊಂಡೆ. ಊರಾಚೆಯ ಹಳೇ ಕಾಫಿ ಗೋದಾಮೇ ನಮ್ಮ ಲ್ಯಾಬು. ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ನಿನಿಂದ ಕಂದು ಬಣ್ಣದ, ಹುಳಿ ನಾತದ ನೀರು ಬರುತ್ತದೆ. ಅದು ಹಳ್ಳಕ್ಕೆ ಸೇರಿದರೆ ಕೆಳಗಿನವರ ದನ ಕೂಡ ಆ ಹಳ್ಳಕ್ಕೆ ಬಾಯಿ ಹಾಕುವುದಿಲ್ಲ. ಆ ನೀರನ್ನು ಸೋಸುವಂಥ ತೆಳ್ಳನೆಯ ಪೊರೆ ಮಾಡುವುದು ನಮ್ಮ ಕೆಲಸ. ಬರೀ ಪೊರೆಯಾದರೆ ಗಸಿ ಕಟ್ಟಿಕೊಂಡು ಮುಚ್ಚಿಹೋಗುತ್ತದೆ. ಅದಕ್ಕೇ ಕರೆಂಟ್ ಹರಿಯುವ ಒಂದು ಬಗೆಯ ಪ್ಲಾಸ್ಟಿಕ್ ಬಳಿದು, ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣ ಕೂರಿಸಬೇಕು. ಸಣ್ಣ ಕರೆಂಟ್ ಕೊಟ್ಟರೆ ಗಸಿ ಅಂಟುವುದಿಲ್ಲ, ಬೆಳ್ಳಿಗೆ ಕ್ರಿಮಿ ಸಾಯುತ್ತದೆ. ಕಾಗದದ ಮೇಲಂತೂ ಹಾಗೇ ಇತ್ತು.

ನಾವು ಮೂರು ಜನ. ಮುಖ್ಯಸ್ಥರಾದ ನಮ್ಮ ಸರ್, ರಿಟೈರ್ಮೆಂಟಿಗೆ ಹತ್ತಿರವಿದ್ದರು. ಪೊರೆ ಮಾಡುವವನು ನಾನು. ಸೋಸಿದ ನೀರಿನಲ್ಲಿ ಕ್ರಿಮಿ ಉಳಿದಿದೆಯೇ ಎಂದು ಪರೀಕ್ಷೆ ಮಾಡುವವಳು ಅವಳು, ಕಳಸದ ಕಡೆಯವಳು. ಎದುರಿಗೆ ನಾನು ಅವಳನ್ನು "ಮೇಡಂ" ಅನ್ನುತ್ತಿದ್ದೆ, ಅವಳು ನನ್ನನ್ನು "ಸಾರ್" ಅನ್ನುತ್ತಿದ್ದಳು. ಮನಸ್ಸಿನಲ್ಲಿ ಮಾತ್ರ ಅವಳು ಅವಳೇ.

ಬ್ರೇನ್ ಮಾಡುವವರು

ಪೊರೆಗೆ ನಾವು ಲ್ಯಾಬಿನಲ್ಲಿ "ಮೆಂಬ್ರೇನ್" ಅನ್ನುತ್ತಿದ್ದೆವು. ಅದು ಬಸ್‌ಸ್ಟ್ಯಾಂಡಿನ ಟೀ ಅಂಗಡಿ ಮುಟ್ಟುವ ಹೊತ್ತಿಗೆ ಅರ್ಧ ಸವೆದು "ಬ್ರೇನ್" ಆಗಿತ್ತು. ನನ್ನನ್ನು ಕಂಡರೆ ಟೀ ಅಂಗಡಿಯವನು, "ಇವ್ರು ಗೋದಾಮಲ್ಲಿ ಬ್ರೇನ್ ಮಾಡೋರು" ಅಂತ ಗಿರಾಕಿಗಳಿಗೆ ಪರಿಚಯ ಮಾಡಿಕೊಡುತ್ತಿದ್ದ. ಎರಡು ಸಲ ತಿದ್ದಿದೆ. ಮೂರನೇ ಸಲ ಬಿಟ್ಟುಬಿಟ್ಟೆ. ಬಿಡದೇ ಇದ್ದಿದ್ದರೆ ಚೆನ್ನಾಗಿತ್ತು.

ಒಂದು ಬೆಳಿಗ್ಗೆ ದೊಡ್ಡ ಎಸ್ಟೇಟಿನ ಸಾಹುಕಾರ್ರೊಬ್ಬರು ಜೀಪಿನಲ್ಲಿ ಬಂದಿಳಿದರು. ಜೊತೆಗೆ ಲೆಕ್ಕಪತ್ರ ನೋಡುವ ಅವರ ರೈಟರು, ಐವತ್ತು ದಾಟಿದ ಬಡಕಲು ಮನುಷ್ಯ, ಕಂಕುಳಲ್ಲಿ ಕೊಡೆ. ಸಾಹುಕಾರ್ರು ಲ್ಯಾಬೆಲ್ಲಾ ಸುತ್ತಿ, ಗಾಜಿನ ಮೇಲೆ ಹರಡಿದ್ದ ಪೊರೆಗಳನ್ನು ಬಗ್ಗಿ ನೋಡಿದರು.

"ಇಷ್ಟು ತೆಳ್ಳಗಿರುತ್ತಾ?"

"ಹೌದು ಸಾರ್, ತೆಳ್ಳಗಿದ್ದಷ್ಟೂ ಒಳ್ಳೇದು," ಅಂದೆ ನಾನು.

"ಇದರಲ್ಲಿ ಕರೆಂಟೂ ಓಡುತ್ತಾ?"

"ಓಡುತ್ತೆ ಸಾರ್."

ಅವರು ರೈಟರನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಬಹಳ ಗಂಭೀರವಾಗಿ ಹೇಳಿದರು: "ಹಾಗಾದ್ರೆ ಮೊದಲನೇದನ್ನ ನಮ್ಮ ರೈಟರಿಗೇ ಹಾಕಿಕೊಡಿ. ಹಳೇದು ಹೆಂಗೂ ಖಾಲಿ ಇದೆ, ತೆಗೆಯೋ ಖರ್ಚಿಲ್ಲ."

ರೈಟರು ಬೇಜಾರು ಮಾಡಿಕೊಳ್ಳಲಿಲ್ಲ. ಕೊಡೆಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ, "ಎರಡು ಮಾಡಿ ಸಾರ್. ಒಂದು ರೈಟರಿಗೆ, ಒಂದು ರೈಟರನ್ನ ಇಟ್ಕೊಂಡೋರಿಗೆ," ಅಂದರು.

ಹೆಣ್ಣು ನೋಡಲು ಹೋದದ್ದು

ನಮ್ಮ ಪ್ಲಾಸ್ಟಿಕ್ಕಿಗೆ ಒಂದು ದುರ್ಗುಣವಿತ್ತು. ಪಾತ್ರೆಯಲ್ಲಿ ಮೊದಲು ನೀಲಿಯಾಗಿ, ನೋಡುತ್ತಿದ್ದಂತೆ ಗಾಢ ಹಸಿರಾಗುತ್ತಿತ್ತು. ಅದು ಚೆಂದವೇ. ಆದರೆ ಕೈಗೆ ತಾಗಿದರೆ ವಾರವಾದರೂ ಹೋಗುತ್ತಿರಲಿಲ್ಲ. ಗ್ಲೌಸ್ ಹಾಕಿದರೂ ಹೇಗೋ ಒಳಗೆ ನುಗ್ಗುತ್ತಿತ್ತು.

ಅಂಥ ಒಂದು ವಾರದಲ್ಲಿ ಊರಿನಿಂದ ಅಪ್ಪ ಅಮ್ಮ ಬಂದಿಳಿದು, ಚಿಕ್ಕಮಗಳೂರಿನಲ್ಲಿ ಒಂದು ಹುಡುಗಿ ನೋಡಬೇಕು, ನಾಳೆಯೇ, ಅಂದರು. ನನ್ನ ಎರಡೂ ಅಂಗೈ ಹಾಗಲಕಾಯಿಯಂತಿದ್ದವು. ಲ್ಯಾಬಿಗೆ ಓಡಿದೆ.

"ಎಂತ ಸಾರ್, ಇಷ್ಟು ಗಾಬರಿ?" ಅಂದಳು ಅವಳು.

"ನಾಳೆ ಹೆಣ್ಣು ನೋಡೋಕೆ ಹೋಗಬೇಕು ಮೇಡಂ. ಕೈ ನೋಡಿ."

ಅವಳು ನನ್ನ ಕೈ ನೋಡಿದಳು, ಮುಖ ನೋಡಿದಳು. ಆಮೇಲೆ ನಿಂಬೆಹಣ್ಣು ಕೊಯ್ದುಕೊಟ್ಟಳು. ಹುಳಿ ಬಿದ್ದರೆ ಆ ಹಸಿರು ಇನ್ನಷ್ಟು ಹೊಳೆಯುತ್ತದೆ ಎಂಬುದು ನನಗೂ ಗೊತ್ತಿರಬೇಕಿತ್ತು, ಅವಳಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಗಡಿಬಿಡಿಯಲ್ಲಿ ಉಜ್ಜಿಕೊಂಡೆ. ಹಾಗಲಕಾಯಿ ಹೋಗಿ ಗಿಳಿಯಾಯಿತು.

ಚಿಕ್ಕಮಗಳೂರಿನ ಆ ಮನೆಯಲ್ಲಿ ಕೈ ಕಟ್ಟಿಕೊಂಡೇ ಕುಳಿತಿದ್ದೆ. ಎಂಥ ವಿನಯವಂತ ಅಂತ ಹುಡುಗಿಯ ತಂದೆ ಮೆಚ್ಚಿಕೊಂಡರು. ಉಪ್ಪಿಟ್ಟು ಬಂದಾಗ ಕೈ ಬಿಚ್ಚಲೇಬೇಕಾಯಿತು. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಕನ್ನಡಕ ಸರಿಮಾಡಿಕೊಂಡು, ಇಡೀ ಹಾಲ್‌ಗೆ ಕೇಳುವಂತೆ, "ಅಯ್ಯೋ, ಒಪ್ಪಿಗೆ ಹೇಳೋಕೆ ಮುಂಚೇನೇ ಗಂಡು ಮೆಹಂದಿ ಹಾಕ್ಕೊಂಡು ಬಂದುಬಿಟ್ಟಿದೆಯಲ್ಲೇ! ಏನು ಅವಸರವೋ ಪಾಪ!" ಅಂದರು.

ಸಂಬಂಧ ಕೂಡಿಬರಲಿಲ್ಲ. ಸೋಮವಾರ ಇದನ್ನು ಹೇಳಿದಾಗ ಅವಳು ಮೇಜು ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಂಡು, "ನಿಂಬೆಹಣ್ಣು ಕೊಟ್ಟಿದ್ದು ನಂದೇ ತಪ್ಪು ಸಾರ್," ಅಂದಳು. ತಪ್ಪೋ ಅಲ್ಲವೋ ಎಂದು ಇಂದಿಗೂ ಯೋಚಿಸುತ್ತೇನೆ. ಮುಂದಿನ ಸಲ ಅಪ್ಪ ಫೋನ್ ಮಾಡಿ, "ಇನ್ನೊಂದು ಸಂಬಂಧ ಇದೆ, ಕೈ ಹೇಗಿದೆ?" ಅಂದರು. ಕೈ ಸ್ವಚ್ಛವಾಗಿತ್ತು. "ಇನ್ನೂ ಹಸಿರೇ ಅಪ್ಪ," ಅಂದೆ.

ಹನ್ನೊಂದನೇ ಸ್ಯಾಂಪಲ್

ಗೋದಾಮು ಗುಡಿಸಿ ಒರೆಸಲು ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್ ಮನೆಯಿಂದ ಒಬ್ಬರು ಅಕ್ಕ ಬರುತ್ತಿದ್ದರು. ಬೆಳ್ಳಿ ಹಾಕಿದ ಪೊರೆಗಳನ್ನು ಒಣಗಲು ಇಡುವುದಕ್ಕೆ ಹಿಂದಿನ ಕೋಣೆಯಲ್ಲಿ ಜಾಲರಿಯ ತಟ್ಟೆಗಳಿದ್ದವು. ಆ ಪೊರೆ ದುಂಡಗೆ, ತೆಳ್ಳಗೆ, ಬೆಳ್ಳಿ ಕೂತ ಮೇಲೆ ಹಸಿರು ಮಾಸಿ ಕಂದು ಹಳದಿ. ಹೀಗಂದರೆ ಮಲೆನಾಡಿನವರಿಗೆ ಮುಂದಿನದು ಹೇಳಬೇಕಾಗಿಲ್ಲ.

ಹಲಸಿನ ಕಾಲ. ಅಂಗಳದಲ್ಲಿ ಒಣಗಿಸಿದರೆ ಕಾಗೆ ಕಾಟವೆಂದು ಅಕ್ಕ ತಮ್ಮ ಹಪ್ಪಳಗಳನ್ನು ನಮ್ಮ ಖಾಲಿ ತಟ್ಟೆಗಳಲ್ಲಿ ಒಪ್ಪವಾಗಿ ಜೋಡಿಸಿದ್ದರು. ಅವತ್ತೇ ಸರ್ ಹಿಂದಿನ ಕೋಣೆಗೆ ಹೋಗಿ, ಕನ್ನಡಕ ಹುಡುಕುವ ತಾಳ್ಮೆಯಿಲ್ಲದೆ, ಒಂದನ್ನು ತಂದು ಮೀಟರಿಗೆ ಸಿಕ್ಕಿಸಿದರು. ಮುಳ್ಳು ಅಲ್ಲಾಡಲಿಲ್ಲ. ಇನ್ನೊಂದು ತಂದರು. ಅದೂ ಹಾಗೇ. ಹೀಗೆ ಹತ್ತು ಸ್ಯಾಂಪಲ್. ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ನಂಬರು ಕೊಟ್ಟು "ವಿಫಲ" ಎಂದು ಬರೆದರು. ನನ್ನನ್ನು ಕರೆದರು.

"ಮೂರು ತಿಂಗಳು ಏನು ಮಾಡ್ತಾ ಇದ್ರಿ? ಒಂದರಲ್ಲೂ ಕರೆಂಟ್ ಹೋಗ್ತಿಲ್ಲ!"

ಹಿಂದಿನ ದಿನವಷ್ಟೇ ನಾನೇ ಪರೀಕ್ಷೆ ಮಾಡಿದ್ದೆ, ಎಲ್ಲ ಸರಿಯಿತ್ತು. ಸರ್ ಹನ್ನೊಂದನೆಯದನ್ನು ಕೈಗೆತ್ತಿಕೊಂಡಿದ್ದರು. ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಕ್ಕ ಮೆಲ್ಲಗೆ ಕೇಳಿದರು:

"ಸಾರ್, ಅದಕ್ಕೆ ಕರೆಂಟ್ ಯಾಕೆ ಕೊಡ್ತಿದೀರಿ? ಎಣ್ಣೇಲಿ ಬಿಡಿ, ತಾನೇ ಮೇಲೆ ಏಳುತ್ತೆ."

ಸರ್ ಹನ್ನೊಂದನೇ ಸ್ಯಾಂಪಲ್ಲನ್ನು ಮೂಸಿದರು. ಆಮೇಲೆ ನೋಟ್‌ಬುಕ್ ಮುಚ್ಚಿದರು. ಮಾರನೇ ದಿನ ಅಕ್ಕ ಒಂದು ಡಬ್ಬ ತುಂಬ ಕರಿದು ತಂದರು. ಸರ್ ಒಂದು ತಿಂದು, ಪೆನ್ನು ತೆಗೆದು, ಹನ್ನೊಂದನೆಯದರ ಮುಂದೆ "ಯಶಸ್ವಿ" ಎಂದು ಬರೆದರು.

ಮೀನಿನ ಐಸು

ನಮ್ಮ ಹಸಿರು ಪ್ಲಾಸ್ಟಿಕ್ ತಯಾರಾಗುವುದು ತಣ್ಣಗಿದ್ದರೆ ಮಾತ್ರ. ಸುತ್ತ ಐಸು ಇರಬೇಕು, ಇಲ್ಲದಿದ್ದರೆ ಕಾದು ಕೆಟ್ಟುಹೋಗುತ್ತದೆ. ಮೂಡಿಗೆರೆಯ ಕರೆಂಟನ್ನು ನಂಬಿ ಐಸು ಮಾಡುವ ಹಾಗಿರಲಿಲ್ಲ. ನಂಬಬಹುದಾದ ಐಸು ಊರಲ್ಲಿ ಒಂದೇ ಕಡೆ ಸಿಗುತ್ತಿತ್ತು, ಮಂಗಳೂರಿನಿಂದ ಘಟ್ಟ ಹತ್ತಿ ಬರುತ್ತಿದ್ದ ಮೀನಿನ ವ್ಯಾನಿನಲ್ಲಿ.

ಮಂಗಳವಾರ, ಶುಕ್ರವಾರ ಬೆಳಿಗ್ಗೆ ನಾನು ಒಂದು ಬಕೆಟ್, ಅವಳು ಒಂದು ಬಕೆಟ್ ಹಿಡಿದು ವ್ಯಾನಿನ ಹತ್ತಿರ ನಿಲ್ಲುತ್ತಿದ್ದೆವು. ಒಬ್ಬರೇ ಎರಡು ಬಕೆಟ್ ತರಬಹುದಿತ್ತು. ಇಬ್ಬರೂ ಅದನ್ನು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಬರುವಾಗ ಮಂಜಿನಲ್ಲಿ ಅವಳ ಬಕೆಟ್ಟಿನ ನೀರು ತೊಟ್ಟಿಕ್ಕುತ್ತಿತ್ತು, ನಾವು ಇಲ್ಲದ ಮಾತನ್ನೆಲ್ಲ ಹುಡುಕಿಕೊಂಡು ಆಡುತ್ತಿದ್ದೆವು. ಐಸು ಕರಗುತ್ತದೆಂದು ಗೊತ್ತಿದ್ದೂ ನಿಧಾನವಾಗಿ ನಡೆಯುತ್ತಿದ್ದೆವು. ಲ್ಯಾಬು ಮುಟ್ಟುವಾಗ ಎರಡು ಬಕೆಟ್ಟಿನದು ಒಂದೂವರೆ ಆಗಿರುತ್ತಿತ್ತು.

ಮೀನಿನವನು ಎರಡು ತಿಂಗಳು ನೋಡಿದ. ಒಂದು ಶುಕ್ರವಾರ ಅವನಿಗೆ ತಡೆಯಲಾಗಲಿಲ್ಲ. ಸಲಿಕೆಯಲ್ಲಿ ಐಸು ತುಂಬುತ್ತಾ, ಅಲ್ಲಿದ್ದ ಗಿರಾಕಿಗಳ ಎದುರಿಗೇ ಕೇಳಿದ:

"ಅಲ್ಲ ಮಾರಾಯ್ರೆ, ಗಂಡ ಹೆಂಡತಿ ಇಬ್ಬರೂ ಜೋಡಿಯಾಗಿ ಬರ್ತೀರಿ. ಬಂಗುಡೆ ಬೇಡ, ಭೂತಾಯಿ ಬೇಡ, ಬರೀ ಐಸು. ಮನೆಗೆ ಹೋಗಿ ಅದರದ್ದು ಎಂತ ಸಾರು ಮಾಡ್ತೀರಿ?"

ಎಲ್ಲರೂ ನಕ್ಕರು. ನಾವಿಬ್ಬರು ಗಂಡ ಹೆಂಡತಿ ಅಲ್ಲ ಎಂದು ಅವಳು ಹೇಳಬಹುದಿತ್ತು, ಹೇಳಲಿಲ್ಲ. ನಾನೂ ಹೇಳಬಹುದಿತ್ತು. ನಾನೂ ಹೇಳಲಿಲ್ಲ. ಅವತ್ತು ಲ್ಯಾಬು ಮುಟ್ಟುವಾಗ ಎರಡು ಬಕೆಟ್ಟಿನದು ಒಂದೇ ಆಗಿತ್ತು. ಈಗ ಪೇಟೆಯಲ್ಲಿ ಮೀನಿನ ಗಾಡಿ ಕಂಡರೆ, ಸಸ್ಯಾಹಾರಿಯಾದ ನಾನು, ಒಂದು ಗಳಿಗೆ ಪಕ್ಕದಲ್ಲಿ ನಿಂತು ಬರುತ್ತೇನೆ. ನನ್ನ ಹೆಂಡತಿಗೆ ಕಾರಣ ಗೊತ್ತಿಲ್ಲ. ಅವಳ ಅನುಮಾನವೇನಿದ್ದರೂ ಬಂಗುಡೆಯ ಮೇಲೆ.

ಮೇಸ್ತ್ರಿ ಮರ್ಯಾದೆ ಉಳಿಸಿದ್ದು

ನಾಲ್ಕನೇ ವರ್ಷ, ಪ್ರಾಜೆಕ್ಟ್ ಮುಂದುವರಿಸಬೇಕೋ ಮುಚ್ಚಬೇಕೋ ಎಂದು ತೀರ್ಮಾನ ಮಾಡಲು ಮೇಲಿನಿಂದ ಮೂರು ಜನ ಬರುತ್ತಾರೆಂದು ತಿಳಿಯಿತು. ಕಳಸದಾಚೆಯ ಸಂಸೆಯ ಹತ್ತಿರದ ಒಂದು ಎಸ್ಟೇಟಿನಲ್ಲಿ ಪ್ರದರ್ಶನ. ನಾವು ಒಂದು ವಾರ ಮೊದಲೇ ಹೋಗಿ, ಪೊರೆ ಕೂರಿಸಿದ ಚೌಕಟ್ಟು, ಬ್ಯಾಟರಿ, ವೈರು ಎಲ್ಲ ಜೋಡಿಸಿ, ಒಂದು ಡ್ರಮ್ಮಿನ ತುಂಬ ಪಲ್ಪರ್ ನೀರು ತುಂಬಿಸಿಡುವಂತೆ ಅಲ್ಲಿಯ ಮೇಸ್ತ್ರಿಗೆ ಹೇಳಿ ಬಂದೆವು. ಕೂಲಿಯಾಳುಗಳ ಉಸ್ತುವಾರಿ ಅವರದ್ದೇ, ಬಹಳ ನಿಯತ್ತಿನ ಮನುಷ್ಯ.

ಆ ದಿನ ಸರ್ ಹೊಸ ಶರ್ಟು ಹಾಕಿದ್ದರು. ಕಮಿಟಿಯ ಮುಂದೆ ಗಂಟಲು ಸರಿಮಾಡಿಕೊಂಡು, "ಈ ಭಾಗದ ಹಳ್ಳಗಳ ಗತಿ ಏನಾಗ್ತಿದೆ ಅನ್ನೋದಕ್ಕೆ ಈ ಡ್ರಮ್ಮೇ ಸಾಕ್ಷಿ. ಮೂಗು ಮುಚ್ಕೊಳ್ಳಿ," ಅಂದು ಮುಚ್ಚಳ ತೆಗೆದರು. ಮೂರೂ ಜನ ಕರ್ಚೀಫು ಹಿಡಿದು ಬಗ್ಗಿದರು.

ಡ್ರಮ್ಮಿನ ತಳದಲ್ಲಿದ್ದ ಒಂದು ಸಣ್ಣ ಕಲ್ಲು ಕೂಡ ಕಾಣುತ್ತಿತ್ತು.

ಮೇಸ್ತ್ರಿ ಹಿಂದೆ ಕೈಕಟ್ಟಿ ನಿಂತು ಸಂತೋಷದಿಂದ ಹೇಳಿದರು: "ಅಷ್ಟು ದೊಡ್ಡವ್ರು ಬರೋವಾಗ ಆ ನಾತದ ನೀರು ಇಡೋದಾ ಸಾರ್? ನಾನೇ ಚೆಲ್ಲಿ, ಡ್ರಮ್ ತಿಕ್ಕಿ ತೊಳೆದು, ಮೇಲಿನ ಝರಿ ನೀರು ತುಂಬಿಸಿದೆ. ನಮ್ಮ ಮರ್ಯಾದೆ ಪ್ರಶ್ನೆ ಅಲ್ವಾ?"

ಕಮಿಟಿಯ ಹಿರಿಯರು ಕರ್ಚೀಫು ಜೇಬಿಗಿಟ್ಟುಕೊಂಡು, "ಬಹಳ ಚೆನ್ನಾಗಿದೆ. ಪೊರೆ ಒಳಗೆ ಹಾಕೋಕೆ ಮುಂಚೇನೇ ಶುದ್ಧವಾಗಿದೆ," ಅಂದರು.

ಓಡಿಹೋಗಿ ಹೊಂಡದಿಂದ ನಿಜವಾದ ಪಲ್ಪರ್ ನೀರು ತಂದೆವು. ಪೊರೆ ಕೆಲಸ ಮಾಡಿತು. ನಿಜವಾಗಿ ಮಾಡಿತು. ಕಂದು ನೀರು ಆಚೆ ಕಡೆ ತಿಳಿಯಾಗಿ ಬಂತು, ಆದರೆ ತೊಟ್ಟು ತೊಟ್ಟಾಗಿ. ಕಮಿಟಿಯವರ ಊಟ ಮುಗಿದು, ಎಲೆ ಅಡಿಕೆಯೂ ಮುಗಿಯುವ ಹೊತ್ತಿಗೆ ಒಂದು ಲೋಟ ತುಂಬಿತ್ತು. ಸರ್ ಆ ಲೋಟ ಎತ್ತಿಕೊಂಡರು.

"ಸಾರ್, ನಾನಿನ್ನೂ ಟೆಸ್ಟ್ ಮಾಡಿಲ್ಲ, ಎರಡು ದಿನ ಬೇಕು!" ಎಂದು ಅವಳು ಕೂಗಿದಳು.

"ಮಾಡಮ್ಮ. ಅಷ್ಟರಲ್ಲಿ ನನ್ನ ಹೊಟ್ಟೆ ಹೇಳುತ್ತೆ," ಎಂದು ಸರ್ ಕುಡಿದೇಬಿಟ್ಟರು. ಕುಡಿದು ಲೋಟವನ್ನು ಸ್ವಲ್ಪ ಹೊತ್ತು ಕೆಳಗಿಡಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು, ನಾವು ಬೇರೆ ಕಡೆ ನೋಡಿದೆವು. ಎರಡು ದಿನದ ಮೇಲೆ ಅವಳ ಪರೀಕ್ಷೆಯಲ್ಲೂ ನೀರು ಪಾಸಾಯಿತು. ಸರ್ ಹೊಟ್ಟೆಯೂ ಏನೂ ಅನ್ನಲಿಲ್ಲ. ಆದರೆ ಇಷ್ಟು ನಿಧಾನದ ಪೊರೆಯಿಂದ ಎಸ್ಟೇಟಿಗೆ ಪ್ರಯೋಜನವಿಲ್ಲ ಎಂದು ಮೇಲಿನಿಂದ ಕಾಗದ ಬಂತು. ಪ್ರಾಜೆಕ್ಟ್ ಮುಚ್ಚಿತು.

ಸಂಸೆಯ ಆ ಎಸ್ಟೇಟಿನ ಸಾಹುಕಾರ್ರು ನಮಗೆ ಸಮಾಧಾನ ಹೇಳುವುದಕ್ಕೆಂದೇ ಮೂಡಿಗೆರೆಗೆ ಬಂದಿದ್ದರು. "ಬೇಜಾರು ಮಾಡ್ಕೋಬೇಡಿ. ನಿಮ್ಮಿಂದ ನಮ್ಮ ಮನೇಲಿ ಶಾಂತಿ ಬಂದಿದೆ. ನಮ್ಮ ಕಾಫಿ ಫಿಲ್ಟರ್ ನಿಧಾನ ಅಂತ ಮೂವತ್ತು ವರ್ಷದಿಂದ ಹೆಂಡತಿಗೆ ಬೈತಿದ್ದೆ, ಈಗ ಬಿಟ್ಟಿದ್ದೀನಿ."

ಸಂಸೆ ಜೀಪು

ಕೊನೆಯದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಸರ್ ರಿಟೈರಾಗಿ ಊರಿಗೆ ಹೋದರು. ಅವಳಿಗೆ ಮೈಸೂರಿನಲ್ಲಿ ನೀರು ಪರೀಕ್ಷೆ ಮಾಡುವ ಕಡೆ ಕೆಲಸ ಸಿಕ್ಕಿತು. ಅವಳು ಕಳಸದಿಂದ ಬಸ್ಸು ಹತ್ತುವ ದಿನವನ್ನು ತಿಳಿದುಕೊಂಡು, ಸಂಸೆಯ ಎಸ್ಟೇಟಿನಲ್ಲಿ ಉಳಿದಿದ್ದ ನಮ್ಮ ಚೌಕಟ್ಟು ತರಬೇಕೆಂಬ ನೆಪ ಮಾಡಿಕೊಂಡು ನಾನೂ ಅವತ್ತೇ ಕಳಸಕ್ಕೆ ಹೋದೆ.

ಬಸ್ಸು ನಿಂತಿತ್ತು. ಡ್ರೈವರ್ ಟೀ ಕುಡಿಯಲು ಹೋಗಿದ್ದ. ಅವಳು ಕಿಟಕಿಯ ಪಕ್ಕ ಕುಳಿತಿದ್ದಳು. ನನ್ನನ್ನು ಕಂಡು ಅವಳಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

"ನಿಮಗೆ ಒಂದು ಮಾತು ಹೇಳಬೇಕಿತ್ತು ಮೇಡಂ," ಅಂದೆ.

"ಹೇಳಿ ಸಾರ್."

ಅಷ್ಟರಲ್ಲಿ, ಬಂದಾಗ ನಾನು ವಿಚಾರಿಸಿದ್ದ, ಸಂಸೆಗೆ ಜನ ತುಂಬಿಕೊಂಡು ಹೋಗುವ ಜೀಪಿನ ಡ್ರೈವರ್ ನನ್ನ ಹೆಗಲು ಹಿಡಿದ. "ಸಂಸೆಗಲ್ವಾ ನೀವು? ಒಂದೇ ಸೀಟು ಇರೋದು, ಬನ್ನಿ ಬನ್ನಿ!" ನಾಲ್ಕು ವರ್ಷ ಕೂಡಿಸಿಟ್ಟ ಧೈರ್ಯ ಆ ಒಂದು ಎಳೆತಕ್ಕೆ ಎಲ್ಲಿ ಹೋಯಿತೋ! ನಿಜ ಹೇಳುತ್ತೇನೆ, ತಪ್ಪಿಸಿಕೊಳ್ಳಲು ನೆಪ ಸಿಕ್ಕಿತೆಂದು ನಾನೇ ಓಡಿಹೋಗಿ ಜೀಪು ಹತ್ತಿದೆ. ಅವಳು ಕಿಟಕಿಯಿಂದ ನೋಡುತ್ತಲೇ ಇದ್ದಳು.

ಜೀಪಿನಲ್ಲಿ ನನ್ನನ್ನೂ ಸೇರಿ ಹದಿನಾರು ಜನ. ನನ್ನ ತೊಡೆಯ ಮೇಲೆ ಯಾರದ್ದೋ ಕೋಳಿ. ಊರು ದಾಟುವಷ್ಟರಲ್ಲಿ ಎದುರಿಗಿದ್ದ ಅಜ್ಜಿ ನನ್ನ ಮುಖ ನೋಡಿ, "ಎಂತ ಆಯ್ತು ಮಗಾ? ಯಾರಾದ್ರೂ ತೀರಿಕೊಂಡ್ರಾ?" ಅಂದಳು.

ಹೇಗೆ ಬಾಯಿ ಬಿಟ್ಟೆನೋ ಗೊತ್ತಿಲ್ಲ. ಹೇಳಿಬಿಟ್ಟೆ. ನಾಲ್ಕು ವರ್ಷದಲ್ಲಿ ಅವಳಿಗೆ ಹೇಳದ್ದನ್ನು ನಾಲ್ಕು ನಿಮಿಷದಲ್ಲಿ ಇಡೀ ಜೀಪಿಗೆ ಹೇಳಿದೆ. ಕೋಳಿಯೂ ಸುಮ್ಮನಿತ್ತು.

"ಅಯ್ಯೋ ಮಾರಾಯ, ಇಷ್ಟು ಚೆನ್ನಾಗಿ ನಮಗೆ ಹೇಳ್ತಿಯಲ್ಲ, ಅಲ್ಲಿ ಹೇಳೋಕೆ ಎಂತ ರೋಗ?" ಅಂದರು ಒಬ್ಬರು.

"ಬಸ್ಸು ಇನ್ನೂ ಹೊರಟಿರಲ್ಲ," ಅಂದರು ಇನ್ನೊಬ್ಬರು.

"ತಿರುಗಿಸಪ್ಪಾ ಗಾಡಿ!" ಅಂದಳು ಅಜ್ಜಿ.

ಡ್ರೈವರ್ ಅಲ್ಲೇ ಜೀಪು ತಿರುಗಿಸಿದ. ಅಷ್ಟು ವೇಗವಾಗಿ ಆ ಜೀಪು ಎಂದೂ ಓಡಿರಲಾರದು. ಕಳಸದ ಬಸ್‌ಸ್ಟ್ಯಾಂಡಿಗೆ ಬಂದಾಗ ಬಸ್ಸು ಸ್ಟಾರ್ಟ್ ಆಗಿ ಗುಡುಗುತ್ತಿತ್ತು. ಹದಿನೈದೂ ಜನ ಕೆಳಗಿಳಿದು ನನ್ನನ್ನು ಅವಳ ಕಿಟಕಿಯ ಕೆಳಗೆ ನಿಲ್ಲಿಸಿ, ಅರ್ಧ ಚಂದ್ರಾಕಾರವಾಗಿ ಹಿಂದೆ ನಿಂತರು.

ಅವಳು ಹೊರಗೆ ಬಗ್ಗಿದಳು. "ಏನು ಸಾರ್?" ದನಿ ಬಹಳ ಮೆತ್ತಗಿತ್ತು.

ನಾನು ಬಾಯಿ ತೆರೆದೆ. ಇವತ್ತು ಕೂಡ, ಕಾಲೇಜು ಮೇಷ್ಟರಾಗಿ ಕ್ಲಾಸಿನಲ್ಲಿ ಪಾಠ ಮಾಡುತ್ತಾ ನಡುವೆ ಸುಮ್ಮನಾದಾಗ, ಆ ಕ್ಷಣದಲ್ಲಿ ನಾನು ಹೇಳಬಹುದಾಗಿದ್ದ ಮಾತುಗಳೆಲ್ಲ ಒಂದೊಂದಾಗಿ ನೆನಪಿಗೆ ಬರುತ್ತವೆ. ಆದರೆ ಅವತ್ತು ಬಾಯಿಂದ ಬಂದದ್ದು ಇಷ್ಟು:

"ಮೇಡಂ... ಸ್ಟೋರ್ ರೂಮಿನ ಕೀ ನಿಮ್ಮ ಹತ್ರಾನೇ ಉಳೀತಾ?"

ಅವಳು ನನ್ನನ್ನು ನೋಡಿದಳು. ಹಿಂದಿದ್ದ ಹದಿನೈದು ಜನರನ್ನು ನೋಡಿದಳು. ನಗುವೂ ಅಳುವೂ ಎರಡೂ ಒಟ್ಟಿಗೆ ಬಂದಂತಾಯಿತು ಅವಳ ಮುಖದಲ್ಲಿ.

"ನಮ್ಮ ಸ್ಟೋರ್ ರೂಮಿಗೆ ಬಾಗಿಲೇ ಇರಲಿಲ್ಲವಲ್ಲ ಸಾರ್," ಅಂದಳು.

ಬಸ್ಸು ಹೊರಟಿತು. ತಿರುವು ಬರುವವರೆಗೂ ಅವಳ ಮುಖ ಹೊರಗೇ ಇತ್ತು. ನಾನು ನಿಂತೇ ಇದ್ದೆ. ಕೊನೆಗೆ ಅಜ್ಜಿ ಬಂದು ನನ್ನ ಕೈ ಹಿಡಿದು ಜೀಪಿನ ಕಡೆ ನಡೆಸಿದಳು. ಡ್ರೈವರ್ ಎಲ್ಲರನ್ನೂ ತುಂಬಿಕೊಂಡು, ಕೋಳಿಯನ್ನು ಮತ್ತೆ ನನ್ನ ತೊಡೆಯ ಮೇಲಿಟ್ಟು, ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಹಿಂದೆ ತಿರುಗಿ ನೋಡಿದ:

"ಇನ್ನೊಂದು ಸಲ ಪ್ರೀತಿ ಆದ್ರೆ ಮೊದಲೇ ಹೇಳು ಮಾರಾಯ. ನೀನು ಜೀಪಲ್ಲೇ ಕೂತಿರು, ಕೋಳಿ ಹಿಡ್ಕೊಂಡು. ಹೇಳೋದನ್ನ ನಾವು ಹದಿನೈದು ಜನ ಹೋಗಿ ಹೇಳಿ ಬರ್ತೀವಿ."